ಚಳಿಜ್ವರದ ಪಾಠಾಂತರಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಚರಿತ್ರೆಯನ್ನು ಬರೆಯಹೊರಟವರು ಹಾಗಲವಾಡಿ ಪಾಳೆಯಗಾರರಿಂದ ಆರಂಭಿಸಿ ಕೊಬ್ಬರಿ ಮಂಡಿಯಲ್ಲಿ ಮುಗಿಸುವುದು ವಾಡಿಕೆ. ಅದು ತಪ್ಪೆಂದು ನಾನು ಹೇಳಲಾರೆ. ಆದರೆ ನಮ್ಮ ಮನೆಯ ಹಿರಿಯರ ಮಾತಿನಲ್ಲಿ ಪಾಳೆಯಗಾರರ ಹೆಸರು ಬಂದದ್ದು ಅಪರೂಪ. ಚಳಿಜ್ವರದ ಹೆಸರು ಬಾರದ ದಿನವೇ ಇರಲಿಲ್ಲ. ಯಾರ ಮದುವೆ ಯಾವ ವರ್ಷ ಆಯಿತೆಂದು ಕೇಳಿದರೆ, ಇಂಥವರು ಚಳಿಜ್ವರದಲ್ಲಿ ಮಲಗಿದ್ದ ವರ್ಷವೆಂದು ನಮ್ಮ ಅಜ್ಜಿ ಲೆಕ್ಕ ಹೇಳುತ್ತಿದ್ದರು. ನನ್ನ ಚಿಕ್ಕಪ್ಪ ಒಬ್ಬರು ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ರೈಟರ ಕೆಲಸಕ್ಕೆ ಹೋಗಿ ಎರಡು ಮಳೆಗಾಲ ಕಳೆದು ಹಿಂದಿರುಗಿದಾಗ ಅವರ ಎಡಪಕ್ಕೆಯ ಕೆಳಗೆ ತೆಂಗಿನಕಾಯಿಯಷ್ಟು ಗಾತ್ರದ ಗಡ್ಡೆ ಇತ್ತಂತೆ. ಜ್ವರಗಡ್ಡೆ ಎಂದು ಅದಕ್ಕೆ ಹೆಸರು. ಊದಿದ ಗುಲ್ಮವೇ ಅದು. ನಾನು ಅವರನ್ನು ನೋಡಿಲ್ಲ. ಮಲೆನಾಡಿಗೆ ಕೆಲಸಕ್ಕೆ ಹೋಗಬೇಡಿ ಎಂದು ಅಜ್ಜಿ ಮೊಮ್ಮಕ್ಕಳಿಗೆಲ್ಲ ಹೇಳುತ್ತಿದ್ದ ಮಾತಿನಲ್ಲಿ ಮಾತ್ರ ಅವರು ಉಳಿದಿದ್ದರು.

ಅಜ್ಜಿಯ ಭಯ ಒಂದು ಮನೆಯದಲ್ಲ, ಇಡೀ ಸಂಸ್ಥಾನದ್ದು. 1799ರಲ್ಲಿ ಟಿಪ್ಪುವಿನಿಂದ ಶ್ರೀರಂಗಪಟ್ಟಣವನ್ನು ಗೆದ್ದ ಇಂಗ್ಲಿಷರ ಸೈನ್ಯ ಅಲ್ಲಿ ನೆಲೆಯೂರಲಾರದೆ, ಜ್ವರದ ಕಾಟಕ್ಕೆ 1809ರಲ್ಲಿ ಬೆಂಗಳೂರಿಗೆ ಡೇರೆ ಕಿತ್ತಿತು. ಬೆಂಗಳೂರು ದಂಡು ಹುಟ್ಟಿದ ಕಥೆಯಲ್ಲಿ ಈ ಜ್ವರದ ಪಾಲು ದೊಡ್ಡದು. ಕೋಟೆ ಕೊತ್ತಲಗಳನ್ನು ಮುರಿದವರನ್ನು ಓಡಿಸಿದ್ದು ಕಣ್ಣಿಗೆ ಕಾಣದ ಒಂದು ಏಕಕೋಶಜೀವಿ. ಮುಂದೆ ಮೈಸೂರು ಸರ್ಕಾರಕ್ಕೆ ನಾಲೆ ನೀರಿನ ಹಿಂದೆಯೇ ಜ್ವರವೂ ಹರಿದು ಬರುವ ಅನುಭವ ಮತ್ತೆ ಮತ್ತೆ ಆಯಿತು; 1930ರ ದಶಕದಲ್ಲಿ ಇರ್ವಿನ್ ನಾಲೆಯ ನೀರು ಮಂಡ್ಯ ಸೀಮೆಗೆ ಬಂದಾಗ ಕಬ್ಬು ಭತ್ತಗಳ ಜೊತೆ ಮಲೇರಿಯಾ ಕೂಡ ಬಂತು. ಅದಕ್ಕೆ ಮುಂಚೆಯೇ ಸಂಸ್ಥಾನವು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವು ಪಡೆದು ಮೂಡಿಗೆರೆ, ಹಿರಿಯೂರು, ಶ್ರೀರಂಗಪಟ್ಟಣದ ಬಳಿಯ ನಾಗೇನಹಳ್ಳಿಗಳಲ್ಲಿ ಮಲೇರಿಯಾ ಅಧ್ಯಯನ ಕೇಂದ್ರಗಳನ್ನು ತೆರೆದಿತ್ತು. ಆ ಕೆಲಸದಲ್ಲಿದ್ದ ಸ್ವೀಟ್ ಮತ್ತು ರಾವ್ ಎಂಬ ಇಬ್ಬರು 1937ರಲ್ಲಿ ಒಂದು ಲೇಖನ ಬರೆದರು. ಅನಾಫಿಲಿಸ್ ಸ್ಟೆಫೆನ್ಸಿ ಎಂಬ ಸೊಳ್ಳೆಯ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಅವುಗಳ ಪಕ್ಕದಲ್ಲಿರುವ ತೇಲುಬುಡ್ಡೆಗಳ ಗೀರುಗಳನ್ನು ಎಣಿಸಿ, ಒಂದೇ ಹೆಸರಿನಡಿ ಎರಡು ಬಗೆಗಳಿವೆಯೆಂದು ತೋರಿಸಿದರು. ಎರಡನೆಯ ಬಗೆಗೆ ಅವರು ಕೊಟ್ಟ ಹೆಸರು ಮೈಸೂರೆನ್ಸಿಸ್. ಮೈಸೂರಿನ ಹೆಸರು ಪಾಕಕ್ಕೆ, ಮಲ್ಲಿಗೆಗೆ, ರೇಷ್ಮೆಗೆ ಅಂಟಿಕೊಂಡಿರುವುದು ಎಲ್ಲರಿಗೂ ಗೊತ್ತು; ಒಂದು ಸೊಳ್ಳೆಗೂ ಅಂಟಿಕೊಂಡಿದೆ ಎಂದು ತರಗತಿಯಲ್ಲಿ ಹೇಳಿದಾಗ ಮಕ್ಕಳು ಬಹಳ ನಗುತ್ತಿದ್ದರು.

ಸೊಳ್ಳೆಯ ಮಾತು ಅಷ್ಟಕ್ಕೆ ಸಾಕು. ನಾನು ಹೇಳಹೊರಟದ್ದು ಅದರ ಹೊಟ್ಟೆಯೊಳಗಿನ ಪರೋಪಜೀವಿಯ ವಿಷಯ. ಫ್ರೆಂಚ್ ಸೇನಾವೈದ್ಯ ಲಾವೆರಾನ್ ಅದನ್ನು ರೋಗಿಯ ರಕ್ತದಲ್ಲಿ ಕಂಡದ್ದು 1880ರಲ್ಲಿ, ಅಲ್ಜೀರಿಯದಲ್ಲಿ. ಸೊಳ್ಳೆಯ ಜಠರದ ಗೋಡೆಯಲ್ಲಿ ಅದರ ಗಂಟುಗಳನ್ನು ರೊನಾಲ್ಡ್ ರಾಸ್ ಕಂಡದ್ದು 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ. ಈ ರಾಸ್ ಅದಕ್ಕೂ ಮೊದಲು ಬೆಂಗಳೂರಿನಲ್ಲಿ ಇದ್ದವನು. ತನ್ನ ಬಂಗಲೆಯ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಹುಳುಗಳಾಡುವುದನ್ನು ನೋಡಿ, ತೊಟ್ಟಿ ಬರಿದುಮಾಡಿಸಿದರೆ ಸೊಳ್ಳೆ ಕಡಿಮೆಯಾಗುತ್ತದೆಂದು ಅಲ್ಲಿಯೇ ಕಂಡುಕೊಂಡಿದ್ದ. ಇವೆಲ್ಲ ಪಠ್ಯಪುಸ್ತಕದಲ್ಲಿವೆ. ಪಠ್ಯಪುಸ್ತಕದಲ್ಲಿ ಇಲ್ಲದ ಸಂಗತಿಯೆಂದರೆ, ಈ ಜೀವಿಗೂ ಒಂದು ಚರಿತ್ರೆಯುಂಟು, ಆ ಚರಿತ್ರೆಯನ್ನು ಅದು ತನ್ನೊಳಗೇ ಬರೆದಿಟ್ಟುಕೊಂಡಿದೆ ಎಂಬುದು. ನಾವು ಅದಕ್ಕೆ ಮಾಡಿದ್ದೆಲ್ಲ ಅದರಲ್ಲಿ ದಾಖಲಾಗಿದೆ.

ಇದನ್ನು ವಿವರಿಸಲು ನನಗೆ ನೆರವಾದವರು ವಿಜ್ಞಾನದವರಲ್ಲ, ನಮ್ಮ ಶಾಲೆಯ ಕನ್ನಡ ಪಂಡಿತರು. ಬಿಡುವಿನ ವೇಳೆಯಲ್ಲಿ ಅವರು ಹಳೆಯ ಕಾವ್ಯಗಳ ಸಂಪಾದನೆ ಹೇಗೆ ನಡೆಯುತ್ತದೆಂದು ಹೇಳುತ್ತಿದ್ದರು. ಕವಿ ಬರೆದ ಮೂಲಪ್ರತಿ ಉಳಿದಿರುವುದಿಲ್ಲ. ಉಳಿದಿರುವುದು ಓಲೆಗರಿಯ ನಕಲಿನ ನಕಲು. ಒಬ್ಬ ಲಿಪಿಕಾರ ಕಣ್ತಪ್ಪಿನಿಂದ ಒಂದಕ್ಷರ ಬದಲಿಸಿದರೆ, ಆ ಪ್ರತಿಯನ್ನು ನೋಡಿ ಬರೆದ ಎಲ್ಲ ಪ್ರತಿಗಳಲ್ಲೂ ಅದೇ ತಪ್ಪು ಮುಂದುವರಿಯುತ್ತದೆ. ಇದೇ ಪಾಠಾಂತರ. ಸಂಪಾದಕನಿಗೆ ಈ ತಪ್ಪುಗಳೇ ಆಧಾರ. ಎರಡು ಪ್ರತಿಗಳಲ್ಲಿ ಒಂದೇ ವಿಲಕ್ಷಣವಾದ ತಪ್ಪು ಇದ್ದರೆ ಅವೆರಡೂ ಒಂದೇ ಮನೆತನದವೆಂದು ಅವನು ಗುರುತಿಸುತ್ತಾನೆ. ಜೀವಿಗಳ ವಂಶಾವಳಿಯನ್ನು ಕಟ್ಟುವ ಕ್ರಮ ಇದಕ್ಕಿಂತ ಬೇರೆಯಲ್ಲ ಎಂದು ನಾನು ಹೇಳಿದಾಗ ಪಂಡಿತರು, ಹಾಗಾದರೆ ನಿಮ್ಮ ಶಾಸ್ತ್ರ ನಮ್ಮದರ ಅನುಕರಣೆಯೇ ಎಂದು ಮೀಸೆ ತಿರುವಿದ್ದರು.

ಮಲೇರಿಯಾ ಪರೋಪಜೀವಿಗಳಲ್ಲಿ ಅತಿ ಕ್ರೂರವಾದ ಫಾಲ್ಸಿಪಾರಮ್‌ನ ಸಂಪೂರ್ಣ ಡಿಎನ್‌ಎ ಪಠ್ಯವನ್ನು ಓದಿ ಮುಗಿಸಿದ್ದು 2002ರಲ್ಲಿ. 14 ವರ್ಣತಂತುಗಳು, ಸುಮಾರು 2.3 ಕೋಟಿ ಅಕ್ಷರಗಳು, 5,300ರಷ್ಟು ವಂಶವಾಹಿಗಳು. ಅಕ್ಷರಗಳಿರುವುದು ನಾಲ್ಕೇ ಬಗೆ, ಅದರಲ್ಲೂ ಹತ್ತಕ್ಕೆ ಎಂಟರಷ್ಟು ಎರಡೇ ಬಗೆಯವು. ಈ ಜೀವಿ ಕೆಂಪು ರಕ್ತಕಣವನ್ನು ಹೊಕ್ಕು ಸುಮಾರು 48 ಗಂಟೆಗಳಲ್ಲಿ ಒಂದಿದ್ದದ್ದು ಇಪ್ಪತ್ತರಷ್ಟಾಗಿ ಕಣವನ್ನೊಡೆದು ಹೊರಬರುತ್ತದೆ. ಅವು ಒಟ್ಟಾಗಿ ಹೊರಬೀಳುವ ಹೊತ್ತೇ ರೋಗಿಗೆ ನಡುಕ ಹತ್ತುವ ಹೊತ್ತು. ನಮ್ಮ ವೈದ್ಯಶಾಸ್ತ್ರದವರು ತೃತೀಯಕ, ಚತುರ್ಥಕ ಎಂದು ಜ್ವರಗಳಿಗೆ ದಿನದ ಲೆಕ್ಕದ ಹೆಸರಿಟ್ಟರಲ್ಲ, ಆ ಲೆಕ್ಕ ಈ ನಕಲು ಕೆಲಸದ ಗಡಿಯಾರದ್ದು.

ನಕಲು ಮಾಡುವ ರೀತಿಯೂ ವಿಚಿತ್ರ. ನಮ್ಮ ದೇಹದ ಜೀವಕೋಶ ತನ್ನ ಡಿಎನ್‌ಎಯನ್ನು ಒಮ್ಮೆ ಪ್ರತಿಮಾಡಿ, ಎರಡಾಗಿ ಒಡೆದು, ಆಮೇಲೆ ಮುಂದಿನ ಪ್ರತಿಗೆ ಕೈಹಾಕುತ್ತದೆ. ಇದು ಹಾಗಲ್ಲ. ಒಂದೇ ಕೋಣೆಯೊಳಗೆ ಕೂತು ಪ್ರತಿಯ ಮೇಲೆ ಪ್ರತಿ ಬರೆದುಕೊಳ್ಳುತ್ತ ಹೋಗುತ್ತದೆ. ಕೋಶಕೇಂದ್ರ ಎರಡಾಗಿ, ಅವು ಮತ್ತೆ ಒಡೆದು, ಒಂದೊಂದೂ ತನ್ನ ವೇಗದಲ್ಲಿ, ಪಕ್ಕದವರ ಹಂಗಿಲ್ಲದೆ. ಹೀಗಾಗಿ ಲೆಕ್ಕ ಎರಡು, ನಾಲ್ಕು, ಎಂಟು ಎಂದು ಒಪ್ಪವಾಗಿ ಏರುವುದಿಲ್ಲ. ಕೊನೆಗೆ ಎಲ್ಲ ಪ್ರತಿಗಳಿಗೂ ಒಂದೇ ಸಲ ರಟ್ಟು ಹಾಕಿ ಹೊರಗೆ ಕಳುಹಿಸುತ್ತದೆ. ಮನುಷ್ಯನ ರಕ್ತದಲ್ಲಿರುವಾಗ ಪ್ರತಿಯೊಂದು ಜೀವಿಯ ಬಳಿಯೂ ಪಠ್ಯದ ಒಂದೇ ಪ್ರತಿ ಇರುತ್ತದೆ, ನಮಗಿರುವಂತೆ ತಾಯಿಯದೊಂದು ತಂದೆಯದೊಂದು ಎಂಬ ಜೋಡಿಯಿಲ್ಲ. ಆದ್ದರಿಂದ ಒಂದಕ್ಷರ ತಪ್ಪಿದರೆ ಅದನ್ನು ಮುಚ್ಚಿಡುವ ಇನ್ನೊಂದು ಪ್ರತಿ ಇಲ್ಲ. ತಪ್ಪಿನ ಫಲ ಕೂಡಲೇ ಉಣ್ಣಬೇಕು, ಲಾಭವಾದರೂ ಸರಿ, ನಷ್ಟವಾದರೂ ಸರಿ.

ಗಣಿತದ ಮೇಷ್ಟರಾದ್ದರಿಂದ ಇಲ್ಲೊಂದು ಲೆಕ್ಕ ಮಾಡದೆ ಮುಂದೆ ಹೋಗಲು ಮನಸ್ಸಿಲ್ಲ. ಪ್ರಯೋಗಾಲಯಗಳಲ್ಲಿ ಅಳೆದಿರುವ ಪ್ರಕಾರ ಈ ಲಿಪಿಕಾರ ಅಜಾಗರೂಕನೇನಲ್ಲ. ಸ್ಥೂಲವಾಗಿ ನೂರು ಕೋಟಿ ಅಕ್ಷರ ಬರೆದರೆ ಒಂದು ತಪ್ಪು, ಕೆಲವು ಅಳತೆಗಳಲ್ಲಿ ಅದಕ್ಕಿಂತಲೂ ಕಡಿಮೆ. ಪಠ್ಯ 2.3 ಕೋಟಿ ಅಕ್ಷರವಾದ್ದರಿಂದ ನಲವತ್ಮೂರು ಪ್ರತಿಗಳಿಗೆ ಒಂದರಲ್ಲಿ ಒಂದು ಹೊಸ ತಪ್ಪು ಬೀಳುತ್ತದೆನ್ನೋಣ. ಇನ್ನು ರೋಗಿಯ ಕಡೆ ನೋಡಿ. ವಯಸ್ಕನ ಐದು ಲೀಟರ್ ರಕ್ತದಲ್ಲಿ ಸುಮಾರು 25 ಲಕ್ಷ ಕೋಟಿ ಕೆಂಪುಕಣಗಳಿವೆ. ಸಾವಿರಕ್ಕೊಂದು ಕಣದಲ್ಲಿ ಪರೋಪಜೀವಿ ಇದ್ದರೂ ಅವುಗಳ ಸಂಖ್ಯೆ 2,500 ಕೋಟಿ. ಅದರಲ್ಲಿ 58 ಕೋಟಿ ಜೀವಿಗಳು ಹೊಸ ತಪ್ಪೊಂದನ್ನು ಹೊತ್ತಿರುತ್ತವೆ. ಆ 58 ಕೋಟಿ ತಪ್ಪುಗಳನ್ನು 2.3 ಕೋಟಿ ಅಕ್ಷರಗಳ ಮೇಲೆ ಹಂಚಿದರೆ ಒಂದೊಂದು ಅಕ್ಷರವೂ ಸರಾಸರಿ ಇಪ್ಪತ್ತೈದು ಸಲ ತಿದ್ದಿಸಿಕೊಂಡಂತಾಯಿತು. ಅಂದರೆ, ಕಂಬಳಿ ಹೊದ್ದು ಜಗುಲಿಯಲ್ಲಿ ನಡುಗುತ್ತ ಮಲಗಿರುವ ಒಬ್ಬ ರೋಗಿಯ ಒಡಲಲ್ಲಿ, ಆ ಪಠ್ಯದಲ್ಲಿ ಸಾಧ್ಯವಿರುವ ಬಹುಪಾಲು ಎಲ್ಲ ಏಕಾಕ್ಷರ ಪಾಠಾಂತರಗಳೂ ಎರಡೇ ದಿನದಲ್ಲಿ ಸಿದ್ಧವಾಗಿ ಕೂತಿರುತ್ತವೆ. ಹೆಚ್ಚಿನವು ನಿರರ್ಥಕ, ಹಲವು ಹೊತ್ತ ಜೀವಿಯನ್ನೇ ಕೊಲ್ಲುವಂಥವು. ಯಾವುದು ಉಳಿಯಬೇಕೆಂದು ಆರಿಸುವ ಕೆಲಸವನ್ನು ಹೊರಗಿನಿಂದ ಬರುವ ಔಷಧ ಮಾಡುತ್ತದೆ.

ಈಗ ನನ್ನ ಬಾಲ್ಯದ ಕಾಲಕ್ಕೆ ಬರೋಣ. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನ ಮಲೇರಿಯಾದಿಂದ ನರಳುತ್ತಿದ್ದರು, ಎಂಟು ಲಕ್ಷ ಜನ ಸಾಯುತ್ತಿದ್ದರು ಎಂಬುದು ಸರ್ಕಾರದ ಅಂದಾಜು. 1953ರಲ್ಲಿ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. 1958ರಲ್ಲಿ ಧೈರ್ಯ ಹೆಚ್ಚಿ ಅದಕ್ಕೆ ನಿರ್ಮೂಲನ ಕಾರ್ಯಕ್ರಮವೆಂದು ಹೆಸರಾಯಿತು. ಡಿಡಿಟಿ ಹೊಡೆಯುವವರು ಬಂದರೆಂದರೆ ಮನೆಯ ಪಾತ್ರೆಪಡಗವೆಲ್ಲ ಅಂಗಳಕ್ಕೆ ಬರುತ್ತಿದ್ದವು. ಅಟ್ಟದ ಮೇಲೆ ಒಣಗಲು ಬಿಟ್ಟ ಕೊಬ್ಬರಿಕಾಯಿಗೆ ವಾಸನೆ ಹಿಡಿಯುತ್ತದೆಂದು ನಮ್ಮ ತಂದೆ ಜಗಳ ತೆಗೆಯುತ್ತಿದ್ದರು. ಹನ್ನೊಂದು ಹನ್ನೆರಡು ತಿಂಗಳು ಅಟ್ಟದಲ್ಲಿಟ್ಟು ಕಾಯ್ದ ಕಾಯಿಯ ಮೇಲೆ ಯಾರಿಗೆ ಪ್ರೀತಿಯಿರುವುದಿಲ್ಲ? ಹದಿನೈದು ದಿನಕ್ಕೊಮ್ಮೆ ಮಲೇರಿಯಾ ಕೆಲಸಗಾರನೊಬ್ಬ ಸೈಕಲ್ಲಿನಲ್ಲಿ ಬಂದು, ಜ್ವರ ಬಂದವರಿದ್ದಾರೆಯೇ ಎಂದು ವಿಚಾರಿಸಿ, ಬಾಗಿಲ ಪಕ್ಕದ ಗೋಡೆಯ ಮೇಲಿನ ಚೌಕದಲ್ಲಿ ತಾರೀಖು ಬರೆದು ಹೋಗುತ್ತಿದ್ದ. ಜ್ವರವಿದ್ದರೆ ಬೆರಳಿಗೆ ಸೂಜಿ ಚುಚ್ಚಿ ಗಾಜಿನ ಪಟ್ಟಿಗೆ ರಕ್ತ ಸವರಿಕೊಂಡು, ಫಲಿತಾಂಶ ಬರುವ ತನಕ ಇರಲಿ ಎಂದು ನಾಲ್ಕು ಕ್ಲೋರೋಕ್ವಿನ್ ಮಾತ್ರೆ ಕೊಡುತ್ತಿದ್ದ. ಆ ಕಹಿ ಇನ್ನೂ ನನ್ನ ನಾಲಿಗೆಯ ಮೇಲಿದೆ. ಬೆಲ್ಲದ ಚೂರಿನೊಳಗಿಟ್ಟು ನುಂಗಿಸಿದರೂ ಬೆಲ್ಲ ಕರಗಿದ ಮೇಲೆ ಕಹಿ ಉಳಿಯುತ್ತಿತ್ತು.

ಆ ಸೈಕಲ್ಲಿನವರನ್ನು ಚರಿತ್ರೆ ಮರೆತಿದೆಯೆಂಬುದು ನನ್ನ ದೂರು. ಏಳೂವರೆ ಕೋಟಿಯಿದ್ದದ್ದು 1965ರ ಹೊತ್ತಿಗೆ ಒಂದು ಲಕ್ಷಕ್ಕೆ ಇಳಿಯಿತು. ಇಂಥ ಇಳಿತವನ್ನು ಸ್ವತಂತ್ರ ಭಾರತ ಬೇರೆ ಯಾವ ಕೆಲಸದಲ್ಲಿ ಕಂಡಿತೋ ನಾನರಿಯೆ. ಆಮೇಲೆ ಎಚ್ಚರ ತಪ್ಪಿತು. ಡಿಡಿಟಿಗೆ ಸೊಳ್ಳೆ ಒಗ್ಗಿಕೊಂಡಿತು, ಪೂರೈಕೆ ಕುಂಟಿತು, ಗೋಡೆಯ ಚೌಕಗಳಲ್ಲಿ ತಾರೀಖು ಬರೆಯುವವರು ವಿರಳವಾದರು. 1976ರಲ್ಲಿ ರೋಗಿಗಳ ಸಂಖ್ಯೆ ಮತ್ತೆ 64 ಲಕ್ಷ ದಾಟಿತು. 1977ರಲ್ಲಿ ನಿರ್ಮೂಲನದ ಮಾತು ಬಿಟ್ಟು ಪರಿಷ್ಕೃತ ಯೋಜನೆ ಬಂತು. ಸರ್ಕಾರದ ಕಡತಗಳಲ್ಲಿ ಕಾಣುವ ಕಥೆ ಇಷ್ಟು. ಪರೋಪಜೀವಿಯ ಕಡತದಲ್ಲಿ ಇದೇ ವರ್ಷಗಳ ಇನ್ನೊಂದು ಕಥೆಯಿದೆ.

ಕ್ಲೋರೋಕ್ವಿನ್ ಮಾಡುತ್ತಿದ್ದ ಕೆಲಸ ಸರಳವಾದದ್ದು. ಕೆಂಪುಕಣದೊಳಗೆ ಕೂತ ಜೀವಿ ಹಿಮೋಗ್ಲೋಬಿನ್ ತಿಂದು ಬದುಕುತ್ತದೆ. ತಿಂದು ಉಳಿದ ಹೀಮ್ ಎಂಬ ಕಬ್ಬಿಣದ ಅಂಶ ಅದಕ್ಕೇ ವಿಷ. ಆ ವಿಷವನ್ನು ಅದು ಹರಳುಗಟ್ಟಿಸಿ ಮೂಲೆಗೆ ತಳ್ಳುತ್ತದೆ. ಕ್ಲೋರೋಕ್ವಿನ್ ಆ ಹರಳುಗಟ್ಟುವಿಕೆಯನ್ನು ತಡೆಯುತ್ತದೆ. ಉಂಡ ಅನ್ನವೇ ವಿಷವಾಗಿ ಜೀವಿ ಸಾಯುತ್ತದೆ. ಜರ್ಮನಿಯಲ್ಲಿ 1934ರಲ್ಲಿ ತಯಾರಾಗಿ ಎರಡನೆಯ ಮಹಾಯುದ್ಧದ ನಂತರ ಜಗತ್ತಿನಲ್ಲೆಲ್ಲ ಬಳಕೆಗೆ ಬಂದ ಈ ಅಗ್ಗದ ಮಾತ್ರೆಯ ಶಕ್ತಿ ಇದೇ. ಇದಕ್ಕೆ ಎದುರುತ್ತರ ಕೊಡಲು ಏಕಾಕ್ಷರ ಪಾಠಾಂತರ ಸಾಲದು. ಜೀವಿಯ ಜಠರಕೋಶದ ಗೋಡೆಯಲ್ಲಿ ಸಾಗಣೆ ಬಾಗಿಲಿನಂತಿರುವ ಒಂದು ಪ್ರೋಟೀನು, ಅದರ 76ನೆಯ ಸ್ಥಾನ ಬದಲಾಗಬೇಕು. ಬದಲಾದ ಬಾಗಿಲು ಮುರಿದುಬೀಳದಂತೆ ಬೇರೆ ಹಲವು ಸ್ಥಾನಗಳೂ ಜೊತೆಜೊತೆಗೆ ಬದಲಾಗಬೇಕು. ಆಗ ಔಷಧ ಒಳಗೆ ಬಂದದ್ದು ಬಂದ ದಾರಿಯಲ್ಲೇ ಹೊರಗೆ. ಇಷ್ಟೆಲ್ಲ ತಪ್ಪುಗಳು ಒಂದೇ ಪ್ರತಿಯಲ್ಲಿ ಕೂಡಿಬರುವುದು ಬಹು ಅಪರೂಪ. ಆದ್ದರಿಂದಲೇ ಜಗತ್ತಿನಲ್ಲಿ ಈ ಪ್ರತಿರೋಧ ಬೆರಳೆಣಿಕೆಯ ಕಡೆ ಮಾತ್ರ ಸ್ವತಂತ್ರವಾಗಿ ಹುಟ್ಟಿತು: 1950ರ ದಶಕದ ಕೊನೆಯಲ್ಲಿ ಥಾಯ್ಲೆಂಡ್-ಕಾಂಬೋಡಿಯ ಗಡಿಯಲ್ಲಿ, ಸುಮಾರು ಅದೇ ಹೊತ್ತಿಗೆ ದಕ್ಷಿಣ ಅಮೆರಿಕದಲ್ಲಿ, ಆಮೇಲೆ ಪಪುವಾ ನ್ಯೂಗಿನಿಯಲ್ಲಿ. ಉಳಿದೆಡೆಗೆ ಪ್ರಯಾಣ ಮಾಡಿ ತಲುಪಿತು. ಭಾರತದಲ್ಲಿ ಮೊದಲು ವರದಿಯಾದದ್ದು 1973ರಲ್ಲಿ, ಅಸ್ಸಾಮಿನ ಕಾರ್ಬಿ ಆಂಗ್ಲಾಂಗ್‌ನಲ್ಲಿ.

ರೋಗ ಕಡಿಮೆಯಿರುವ ಕಡೆಯೇ ಪ್ರತಿರೋಧ ಹುಟ್ಟಿ ಬಲಿಯುವುದೇಕೆ ಎಂಬ ಪ್ರಶ್ನೆಗೂ ಓಲೆಗರಿಯೇ ಉತ್ತರ ಹೇಳುತ್ತದೆ. ಸೊಳ್ಳೆಯ ಹೊಟ್ಟೆಯಲ್ಲಿ ಈ ಜೀವಿಯ ಗಂಡು ಹೆಣ್ಣು ರೂಪಗಳು ಕೂಡುತ್ತವೆ. ಆಗ ಎರಡು ಪಠ್ಯಗಳು ಬೆರೆತು ಹೊಸದಾಗಿ ಹಂಚಿಕೆಯಾಗುತ್ತವೆ. ಆಫ್ರಿಕದಂತೆ ಒಬ್ಬ ರೋಗಿಯಲ್ಲೇ ಹತ್ತಾರು ಬಗೆಯ ಜೀವಿಗಳಿರುವ ಕಡೆ, ಕಷ್ಟಪಟ್ಟು ಕೂಡಿಬಂದ ಪಾಠಾಂತರಗಳ ಗೊಂಚಲು ಈ ಬೆರಕೆಯಲ್ಲಿ ಚದರಿಹೋಗುತ್ತದೆ. ನಮ್ಮಂಥ ಸೀಮೆಗಳಲ್ಲಿ ಸೊಳ್ಳೆ ಹೀರಿದ ಗಂಡು ಹೆಣ್ಣುಗಳು ಒಂದೇ ಪ್ರತಿಯ ಸಂತಾನವಾಗಿರುವುದು ಹೆಚ್ಚು. ಬೆರೆತರೂ ಪಠ್ಯ ಕೆಡುವುದಿಲ್ಲ. ಜೊತೆಗೆ, ಮತ್ತೆ ಮತ್ತೆ ರೋಗ ತಗುಲಿ ಮೈ ಒಗ್ಗಿದ ಆಫ್ರಿಕದ ಹಿರಿಯರು ಎಷ್ಟೋ ಸಲ ಮಾತ್ರೆ ನುಂಗುವುದೇ ಇಲ್ಲ. ನಮ್ಮಲ್ಲಿ ಜ್ವರ ಬಂದವನು ಮಾತ್ರೆ ತಿನ್ನದೆ ಬಿಡುವುದಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಪದ್ಮನಾಭನ್, ಪಿ. ಎನ್. ರಂಗರಾಜನ್ ಮತ್ತು ಅವರ ಸಂಗಡಿಗರು ದೇಶದ ಬೇರೆ ಬೇರೆ ಕಡೆಯ ರೋಗಿಗಳ ರಕ್ತದಿಂದ ಈ ಬಾಗಿಲಿನ ವಂಶವಾಹಿಯನ್ನು ಓದಿ 2004ರಲ್ಲಿ ಪ್ರಕಟಿಸಿದರು. ಓದಿದ್ದು ಮುಖ್ಯವಾಗಿ ಐದು ಸ್ಥಾನಗಳನ್ನು, 72ರಿಂದ 76ರವರೆಗೆ. ಔಷಧಕ್ಕೆ ಮಣಿಯುವ ಮೂಲಪಾಠದಲ್ಲಿ ಅಲ್ಲಿರುವ ಸಂಕೇತಗಳು ಸಿ-ವಿ-ಎಂ-ಎನ್-ಕೆ. ಆಗ್ನೇಯ ಏಷ್ಯದಲ್ಲಿ ಹುಟ್ಟಿ 1970ರ ದಶಕದ ಕೊನೆಗೆ ಆಫ್ರಿಕಕ್ಕೆ ದಾಟಿ ಲಕ್ಷಾಂತರ ಮಕ್ಕಳ ಸಾವಿಗೆ ಕಾರಣವಾದ ಪಾಠ ಸಿ-ವಿ-ಐ-ಇ-ಟಿ. ಭಾರತಕ್ಕೂ ಬರ್ಮಾದ ದಾರಿಯಿಂದ ಇದೇ ಬಂದಿರಬೇಕೆಂದು ಊಹಿಸುವುದು ಸಹಜವಾಗಿತ್ತು. ಆದರೆ ಬೆಂಗಳೂರಿನವರು ವ್ಯಾಪಕವಾಗಿ ಕಂಡದ್ದು ಎಸ್-ವಿ-ಎಂ-ಎನ್-ಟಿ. ಪಪುವಾ ನ್ಯೂಗಿನಿಯಲ್ಲಿ, ದಕ್ಷಿಣ ಅಮೆರಿಕದಲ್ಲಿ ಗುರುತಿಸಿದ್ದ ಪಾಠ ಅದು. ಮುಂದಿನ ಅಧ್ಯಯನಗಳೂ ಇದನ್ನೇ ಹೇಳಿದವು: ಈಶಾನ್ಯದಲ್ಲಿ ಆಗ್ನೇಯ ಏಷ್ಯದ ಪಾಠ ಪ್ರಬಲ, ಉಳಿದ ಭಾರತದಲ್ಲಿ ಎಸ್-ವಿ-ಎಂ-ಎನ್-ಟಿಯದೇ ಮೇಲುಗೈ. ಒಂದೇ ದೇಶದೊಳಗೆ ಎರಡು ಮನೆತನದ ಪ್ರತಿಗಳು. ಐದಕ್ಷರದ ಈ ಪಾದವನ್ನು ನಿವೃತ್ತರಾಗಿದ್ದ ನಮ್ಮ ಪಂಡಿತರಿಗೆ ಬರೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ಮೊದಲಕ್ಷರವೂ ಕೊನೆಯಕ್ಷರವೂ ಬೇರೆ, ನಡುವಿನ ಮೂರು ಮೂಲದವೇ, ಇದು ಆ ಇನ್ನೊಂದನ್ನು ನೋಡಿ ಬರೆದ ಪ್ರತಿಯಲ್ಲ, ಬೇರೆ ಲಿಪಿಕಾರನದು ಎಂದರು. ವಂಶಶಾಸ್ತ್ರಜ್ಞರ ತೀರ್ಮಾನವೂ ಅಕ್ಷರಶಃ ಅದೇ.

ಇದು ನನ್ನ ಪಾಲಿಗೆ ಶಾಸನ ಸಿಕ್ಕಷ್ಟೇ ದೊಡ್ಡ ಸಂಗತಿ. ಊರೂರಿನಲ್ಲಿ ನಾಲ್ಕು ನಾಲ್ಕು ಮಾತ್ರೆ ಹಂಚಿದ ದಶಕಗಳ ನೆನಪು ಕಡತಗಳಲ್ಲಿ ಗೆದ್ದಲು ಹಿಡಿದಿರಬಹುದು; ಪರೋಪಜೀವಿ ಮಾತ್ರ ಅದನ್ನು ಪ್ರತಿ ಎರಡು ದಿನಕ್ಕೊಮ್ಮೆ ಹೊಸದಾಗಿ ನಕಲು ಮಾಡಿಟ್ಟುಕೊಂಡು ಬಂದಿದೆ. ಪೂರ್ತಿ ಗುಣವಾಗಲು ಮೂರು ದಿನದಲ್ಲಿ ಹತ್ತು ಮಾತ್ರೆ ಬೇಕಾದ ಕಡೆ ನಾಲ್ಕೇ ನುಂಗಿ, ಆಮೇಲೆ ಹಿಂತಿರುಗಿ ನೋಡದ ಮನೆಗಳು ಎಷ್ಟೋ. ಬಲಹೀನ ಪ್ರತಿಗಳು ಅಳಿದು ಬಲಿಷ್ಠ ಪ್ರತಿಗಳು ಉಳಿಯಲು ಅಷ್ಟು ಸಾಕಾಯಿತು.

ಬೇರೆ ಜಾತಿಯಾದ ವೈವಾಕ್ಸ್‌ನ ಉಪಾಯ ಇನ್ನೊಂದು ಬಗೆಯದು. ಫಾಲ್ಸಿಪಾರಮ್‌ನಷ್ಟು ಕೊಲ್ಲುವುದಿಲ್ಲ, ಆದರೆ ಬಿಡುವುದೂ ಇಲ್ಲ. ಅದರ ಕೆಲವು ಜೀವಿಗಳು ಯಕೃತ್ತಿನಲ್ಲಿ ನಕಲು ಕೆಲಸವನ್ನೇ ನಿಲ್ಲಿಸಿ ಕುಂಭಕರ್ಣನಂತೆ ಮಲಗಿಬಿಡುತ್ತವೆ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಏಳುತ್ತವೆ. ಕ್ಲೋರೋಕ್ವಿನ್ ಅವುಗಳನ್ನು ಮುಟ್ಟುವುದಿಲ್ಲ, ಅದಕ್ಕೆ ಪ್ರಿಮಾಕ್ವಿನ್ ಬೇಕು. 1990ರ ದಶಕದ ನಡುವೆ ನನ್ನ ಹತ್ತನೆಯ ತರಗತಿಯಲ್ಲಿ ತುರುವೇಕೆರೆ ಕಡೆಯ ಹುಡುಗನೊಬ್ಬನಿದ್ದ. ತಂದೆ ಇಲ್ಲ, ತಾಯಿ ಕಾಯಿ ಸುಲಿಯುವ ಕಡೆ ಕೂಲಿ. ಲೆಕ್ಕದಲ್ಲಿ ನನಗಿಂತ ಚುರುಕು. ದೀಪಾವಳಿಯ ಹೊತ್ತಿಗೆ ಚಳಿಜ್ವರ ಬಂದು ವಾಸಿಯಾಯಿತು. ಸಂಕ್ರಾಂತಿಗೆ ಮತ್ತೆ ಬಂತು. ಪರೀಕ್ಷೆಯ ವಾರದಲ್ಲಿ ಮೂರನೆಯ ಸಲ. ನಾನು ಅವರ ಮನೆಗೆ ಹೋದಾಗ ಆ ತಾಯಿ ಗೋಡೆಯ ಗೂಡಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ತೋರಿಸಿದರು. ಐದು ದಿನಕ್ಕೆಂದು ಕೊಟ್ಟ ಮಾತ್ರೆಗಳಲ್ಲಿ ಮೂರು ದಿನದ್ದು ಹಾಗೆಯೇ ಇದ್ದವು. "ಜ್ವರ ಬುಟ್ಮೇಲೆ ಮಾತ್ರೆ ಯಾಕೆ ಮೇಷ್ಟ್ರೇ, ಇನ್ನೊಂದ್ ಕಿತ ಬಂದ್ರೆ ಇರ್ಲಿ ಅಂತ ಮಡಗಿವ್ನಿ" ಎಂದರು. ಬಡತನದಲ್ಲಿ ಏನನ್ನೂ ಪೋಲು ಮಾಡದೆ ಬಾಳಿದ ಹೆಂಗಸು. ಆಕೆಯ ವಿವೇಕಕ್ಕೆ ನಾನೇನು ಹೇಳಲಿ? ಐದು ದಿನವೂ ಸಾಲದೆಂದು ತಿಳಿದು ಕಾರ್ಯಕ್ರಮದವರು ಅದನ್ನು ಹದಿನಾಲ್ಕು ದಿನಕ್ಕೆ ಏರಿಸಿದ್ದು ಬಹಳ ವರ್ಷಗಳ ನಂತರ. ಹುಡುಗ ಆ ವರ್ಷ ಪರೀಕ್ಷೆಗೆ ಕೂರಲಿಲ್ಲ. ಮರುವರ್ಷ ಕಟ್ಟಲೂ ಇಲ್ಲ. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯಲು ಸೇರಿಕೊಂಡ.

ಮೈಯ ರಕ್ಷಣಾ ವ್ಯವಸ್ಥೆಯನ್ನು ಏಮಾರಿಸಲು ಫಾಲ್ಸಿಪಾರಮ್ ಬಳಿ ವೇಷದ ಪೆಟ್ಟಿಗೆಯೂ ಇದೆ. ನಮ್ಮ ಮೂಡಲಪಾಯದ ಮೇಳದವರ ಪೆಟ್ಟಿಗೆಯಂತೆ ಅದರಲ್ಲಿ ಸುಮಾರು 60 ವೇಷಗಳು, ರಂಗಕ್ಕೆ ತರುವುದು ಒಂದು ಹೊತ್ತಿಗೆ ಒಂದೇ. ನಮ್ಮ ರಕ್ತ ಆ ವೇಷವನ್ನು ಗುರುತಿಸಿ ಹಿಡಿಯುವಷ್ಟರಲ್ಲಿ ಕೆಲವರು ಇನ್ನೊಂದು ಕಿರೀಟ ಧರಿಸಿರುತ್ತಾರೆ. ನಕಲಿನ ಸಮಯದಲ್ಲಿ ಈ ವೇಷಗಳ ತುಂಡುಗಳು ಒಂದಕ್ಕೊಂದು ಅದಲುಬದಲಾಗಿ, ಪೆಟ್ಟಿಗೆಯಲ್ಲಿ ಇಲ್ಲದಿದ್ದ ಹೊಸ ವೇಷಗಳೂ ಹೊಲಿದು ಸಿದ್ಧವಾಗುತ್ತವೆ. ಇದರ ವಿವರ ಬರೆದರೆ ಬೇರೆಯೇ ಲೇಖನವಾದೀತು. ನಮ್ಮ ತೆಂಗಿಗೂ ಇಂಥ ಏಕಕೋಶ ಪರೋಪಜೀವಿಯ ಕಾಟವುಂಟೇ ಎಂದು ಒಬ್ಬರು ಕೇಳಿದ್ದರು. ಉಂಟು, ಆದರೆ ನಮ್ಮಲ್ಲಲ್ಲ. ಸುರಿನಾಮ್ ಮೊದಲಾದ ದಕ್ಷಿಣ ಅಮೆರಿಕದ ನಾಡುಗಳಲ್ಲಿ ಫೈಟೊಮೊನಾಸ್ ಎಂಬ ಜೀವಿ ತೆಂಗಿನ ರಸನಾಳಗಳನ್ನು ಹೊಕ್ಕು ಮರವನ್ನೇ ಒಣಗಿಸುತ್ತದೆ. ನಮಗೆ ಅಣಬೆ ರೋಗ, ನುಸಿ, ರಸ ಸೋರುವ ರೋಗಗಳೇ ಸಾಕಾಗಿವೆ.

ಔಷಧವಲ್ಲದ ಒಂದು ಉಪಾಯವನ್ನು ಹೇಳಲೇಬೇಕು, ಏಕೆಂದರೆ ಅದು ನಮ್ಮಂಥ ಬಾವಿಗಳ ಸೀಮೆಯಲ್ಲಿ ನಡೆದದ್ದು. ಹಳ್ಳಿಗಾಡಿನಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಸೊಳ್ಳೆ ಚರಂಡಿಯನ್ನು ಬಯಸುವುದಿಲ್ಲ, ತಿಳಿನೀರೇ ಬೇಕು. ಕಪಿಲೆ ನಿಂತು, ಕೊಳವೆಬಾವಿ ಬಂದು, ಯಾರೂ ಇಳಿಯದಂತಾದ ತೋಟದ ತೆರೆದ ಬಾವಿಗಿಂತ ಅದಕ್ಕೆ ಸುಖದ ತಾಣ ಯಾವುದು? ಮಲೇರಿಯಾ ಸಂಶೋಧನಾ ಕೇಂದ್ರದ ಬೆಂಗಳೂರು ಶಾಖೆಯವರು ಎಸ್. ಕೆ. ಘೋಷ್ ಅವರ ನೇತೃತ್ವದಲ್ಲಿ ದಕ್ಷಿಣ ಕರ್ನಾಟಕದ ಹಳ್ಳಿಗಳ ಬಾವಿಗಳಿಗೆ ಗಪ್ಪಿ ಎಂಬ ಪುಟ್ಟ ಮೀನನ್ನು ಬಿಟ್ಟು ನೋಡಿದರು. ಕ್ಯುಲಿಸಿಫೇಸಿಸ್ ಎಂಬ ಒಂದೇ ಹೆಸರಿನಡಿಯೂ ಹಲವು ಸೋದರ ಜಾತಿಗಳಿವೆ, ಅವುಗಳಲ್ಲಿ ರೋಗ ಹರಡುವುದರಲ್ಲಿ ಮುಂದಿರುವ ಜಾತಿಯೇ ಬಾವಿಯ ಮೀನಿನಿಂದ ಹೆಚ್ಚು ಪೆಟ್ಟು ತಿಂದಿತು ಎಂದು 2005ರಲ್ಲಿ ವರದಿ ಮಾಡಿದರು. ಜನರನ್ನು ಒಪ್ಪಿಸಲು 2001ರ ಡಿಸೆಂಬರಿನಲ್ಲಿ ಎರಡು ವಾರ ಸಂಜೆ ಹೊತ್ತು ಕಲಾಜಾಥಾ ನಡೆಸಿ, ಮೂವತ್ತು ಮಂದಿ ಸ್ಥಳೀಯ ಕಲಾವಿದರಿಂದ ಹಾಡಿಸಿ ಆಡಿಸಿದರು; ಕುಡಿಯುವ ನೀರಿಗೆ ಮೀನು ಬಿಡುವುದೇ ಎಂದು ಮೂಗು ಮುರಿಯುವವರಿಗೆ ಭಾಷಣಕ್ಕಿಂತ ಹಾಡೇ ಸರಿ. ಈ ಉಪಾಯದಲ್ಲಿ ನನಗೆ ಮೆಚ್ಚಿಗೆಯಾದ ಅಂಶವೊಂದಿದೆ. ಮೀನು ಮರಿಹುಳುವನ್ನು ತಿಂದರೆ ಪರೋಪಜೀವಿಗೆ ಯಾವ ಪ್ರಶ್ನೆಪತ್ರಿಕೆಯನ್ನೂ ಕೊಟ್ಟಂತಾಗುವುದಿಲ್ಲ. ಅದರ 58 ಕೋಟಿ ಪಾಠಾಂತರಗಳಲ್ಲಿ ಒಂದೂ ಕೆಲಸಕ್ಕೆ ಬಾರದು.

ಪ್ರತಿರೋಧದ ಪಾಠ ಶಾಶ್ವತವೇನಲ್ಲ. ಆಫ್ರಿಕದ ಮಲಾವಿ ದೇಶ 1993ರಲ್ಲಿ ಕ್ಲೋರೋಕ್ವಿನ್ ಬಳಕೆ ಬಿಟ್ಟಿತು. ಬದಲಾದ ಬಾಗಿಲು ಔಷಧವಿಲ್ಲದ ಕಾಲದಲ್ಲಿ ಜೀವಿಗೇ ಭಾರ; ಮೆಲ್ಲಗೆ ಮೂಲಪಾಠದ ಪ್ರತಿಗಳು ಮತ್ತೆ ತುಂಬಿಕೊಂಡವು. 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅಲ್ಲಿನ ಮಕ್ಕಳಿಗೆ ಅದೇ ಹಳೆಯ ಕ್ಲೋರೋಕ್ವಿನ್ ನೂರಕ್ಕೆ ತೊಂಬತ್ತೊಂಬತ್ತು ಗುಣ ಕೊಟ್ಟಿತು. ನಮ್ಮಲ್ಲಿ ಹಾಗಾಗಲು ಒಂದು ಅಡ್ಡಿಯಿದೆ. ಫಾಲ್ಸಿಪಾರಮ್‌ಗೆ ಕ್ಲೋರೋಕ್ವಿನ್ ಬಿಟ್ಟು 2010ರ ಹೊತ್ತಿಗೆ ದೇಶಾದ್ಯಂತ ಆರ್ಟೆಮಿಸಿನಿನ್ ಬೆರಕೆಯ ಚಿಕಿತ್ಸೆ ಬಂದರೂ, ವೈವಾಕ್ಸ್‌ಗೆ ಇಂದಿಗೂ ಕ್ಲೋರೋಕ್ವಿನ್ನೇ ಮದ್ದು. ಒಂದೇ ಊರಿನಲ್ಲಿ ಎರಡೂ ಇರುವಾಗ ಒಂದಕ್ಕೆ ಕೊಟ್ಟ ಮಾತ್ರೆಯ ಒತ್ತಡ ಇನ್ನೊಂದರ ಮೇಲೂ ಬೀಳುತ್ತದೆ.

ಆರ್ಟೆಮಿಸಿನಿನ್ ಚೀನಾದ ತು ಯುಯು ಹಳೆಯ ವೈದ್ಯಗ್ರಂಥದ ಸುಳಿವು ಹಿಡಿದು 1972ರಲ್ಲಿ ಒಂದು ಬಗೆಯ ಮಾಚಿಪತ್ರೆಯ ಗಿಡದಿಂದ ಬೇರ್ಪಡಿಸಿದ್ದು. ಆಕೆಗೆ 2015ರಲ್ಲಿ ನೊಬೆಲ್ ಬಂತು. ಆದರೆ 2008-09ರ ಹೊತ್ತಿಗೇ ಕಾಂಬೋಡಿಯದ ಅದೇ ಹಳೆಯ ಗಡಿಯಲ್ಲಿ ಈ ಔಷಧಕ್ಕೂ ಜೀವಿ ತಡವಾಗಿ ಮಣಿಯತೊಡಗಿತ್ತು; 2014ರಲ್ಲಿ ಅದಕ್ಕೆ ಕಾರಣವಾದ ವಂಶವಾಹಿಯ ಪಾಠಾಂತರ ಗೊತ್ತಾಯಿತು. 2020ರಲ್ಲಿ ರುವಾಂಡದಲ್ಲಿ ಅಂಥದೇ ಇನ್ನೊಂದು, ಅಲ್ಲಿಯೇ ಸ್ವತಂತ್ರವಾಗಿ ಹುಟ್ಟಿದ್ದು, ಕಂಡುಬಂತು.

ನಮ್ಮ ದೇಶದ ಲೆಕ್ಕ ಈಗ ನಿಜಕ್ಕೂ ಸಮಾಧಾನಕರ. 2015ರಲ್ಲಿ 11.69 ಲಕ್ಷವಿದ್ದ ರೋಗಿಗಳು 2023ರಲ್ಲಿ 2.27 ಲಕ್ಷ. ತಿಪಟೂರಿನ ಹುಡುಗರಿಗೆ ಜ್ವರಗಡ್ಡೆಯೆಂದರೆ ಏನೆಂದೇ ಗೊತ್ತಿಲ್ಲ. ರಕ್ತದ ಹನಿಯೊಂದನ್ನು ಪಟ್ಟಿಯ ಮೇಲೆ ಬಿಟ್ಟರೆ ಕಾಲು ಗಂಟೆಯಲ್ಲಿ ಗೆರೆ ಮೂಡಿ ರೋಗ ತಿಳಿಸುವ ಪರೀಕ್ಷೆ ಬಂದಿದೆ. ಅದು ಹುಡುಕುವುದು ಫಾಲ್ಸಿಪಾರಮ್ ಹೊರಬಿಡುವ ಒಂದು ನಿರ್ದಿಷ್ಟ ಪ್ರೋಟೀನನ್ನು. 2010ರಲ್ಲಿ ಪೆರು ದೇಶದಿಂದ ಒಂದು ವರದಿ ಬಂತು: ಆ ಪ್ರೋಟೀನಿನ ವಂಶವಾಹಿಯನ್ನೇ ನಕಲಿನಿಂದ ಕೈಬಿಟ್ಟ ಜೀವಿಗಳು ಅಲ್ಲಿವೆ, ರೋಗಿ ಜ್ವರದಲ್ಲಿ ಬೇಯುತ್ತಿದ್ದರೂ ಪಟ್ಟಿಯಲ್ಲಿ ಗೆರೆ ಮೂಡುವುದಿಲ್ಲ. ಮುಂದೆ ಎರಿಟ್ರಿಯದಲ್ಲಿ ಅವು ಎಷ್ಟು ಹೆಚ್ಚಿದವೆಂದರೆ ಅಲ್ಲಿ ಪರೀಕ್ಷೆಯನ್ನೇ ಬದಲಿಸಬೇಕಾಯಿತು. ಮಧ್ಯಭಾರತದ ಕೆಲವು ಕಡೆಯೂ ಅಂಥ ಪ್ರತಿಗಳು ವಿರಳವಾಗಿ ಸಿಕ್ಕಿವೆ. ಲಿಪಿಕಾರ ಒಂದಿಡೀ ಪುಟವನ್ನು ಬಿಟ್ಟು ಬರೆದಿದ್ದಾನೆ, ಆ ಲೋಪವೇ ಅವನಿಗೆ ರಕ್ಷೆಯಾಗಿದೆ. ಇಂಥ ಜೀವಿಯನ್ನು ಹಿಡಿಯಲು ಹಳೆಯ ದಾರಿ ಇನ್ನೂ ಇದೆ: ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ನೂರು ಕ್ಷೇತ್ರಗಳನ್ನು ಒಂದೊಂದಾಗಿ ನೋಡಿದ ಮೇಲಷ್ಟೇ ಇಲ್ಲವೆಂದು ಬರೆಯುವುದು. ತಾಲ್ಲೂಕು ಆಸ್ಪತ್ರೆಗಳ ಪ್ರಯೋಗಾಲಯಗಳಲ್ಲಿ ಈ ಕೆಲಸ ಬಲ್ಲ ಹಳಬರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ.